ಡಿಕ್ಕಿಯಲ್ಲಿ ಹಿಡಿಸುವ ಅಗ್ಗಿಷ್ಟಿಕೆ: ನನ್ನ ಅನುಭವ

ಟೆಂಟು, ಹಾಸಿಗೆಯ ಸುರುಳಿಗಳು, ನೀರಿನ ಎರಡು ಕ್ಯಾನು, ಅಡುಗೆಯ ಪೆಟ್ಟಿಗೆ ಇವಿಷ್ಟನ್ನೂ ಜೋಡಿಸಿದ ಮೇಲೆ ನಮ್ಮ ಬೊಲೆರೊದ ಹಿಂಬದಿಯಲ್ಲಿ, ಸೀಟಿನ ಬೆನ್ನಿಗೂ ಪೆಟ್ಟಿಗೆಗೂ ನಡುವೆ, ಒಂದು ಗೇಣಿಗಿಂತ ಕಿರಿದಾದ ಸಂದು ಉಳಿಯುತ್ತದೆ. ಅಗ್ಗಿಷ್ಟಿಕೆಯ ಆಯ್ಕೆ ಆ ಸಂದಿನ ಅಳತೆಯಿಂದಲೇ ಆರಂಭವಾಗಬೇಕು ಎಂಬುದು ನನಗೆ ತಿಳಿದದ್ದು ಎರಡು ಅಗ್ಗಿಷ್ಟಿಕೆಗಳಿಗೆ ಹಣ ಕೊಟ್ಟ ನಂತರ. ನಾವು ನಾಲ್ವರು ವರ್ಷಕ್ಕೆ ಐದಾರು ಬಾರಿ ಗಾಡಿಯಲ್ಲಿ ಹೊರಡುತ್ತೇವೆ. ಸಕಲೇಶಪುರದ ಕಡೆ ಪರಿಚಯದವರ ಕಾಫಿ ತೋಟ, ತಿಪಟೂರಿನ ಬಳಿ ನೆಂಟರ ತೆಂಗಿನ ತೋಟ, ಚಿತ್ರದುರ್ಗದ ಹೊರಗೆ ಸ್ನೇಹಿತರೊಬ್ಬರ ಹೊಲ, ಈ ಮೂರು ಜಾಗಗಳಲ್ಲಿ ಮಾಲೀಕರ ಒಪ್ಪಿಗೆ ಪಡೆದು ಒಂದೆರಡು ರಾತ್ರಿ ಉಳಿಯುತ್ತೇವೆ. ಸಂಜೆ ಚಳಿ ಕಾಯಿಸಿಕೊಳ್ಳಲು ಬೆಂಕಿ ಬೇಕು, ರಾತ್ರಿಯ ಊಟಕ್ಕೆ ಕೆಂಡ ಬೇಕು.

ಮೊದಲು ಕೊಂಡದ್ದು ಮಡಚುವ ತೆಳು ಸ್ಟೀಲಿನ ಅಗ್ಗಿಷ್ಟಿಕೆ. ಪುಸ್ತಕದಂತೆ ಮಡಚಿಕೊಳ್ಳುತ್ತಿತ್ತು, ತೂಕ ಎರಡು ಕಿಲೋಗೂ ಕಡಿಮೆ. ಇದ್ದಿಲು ಹಾಕಿ ಜೋಳದ ತೆನೆ ಸುಡುವವರೆಗೆ ಅದರಲ್ಲಿ ಯಾವ ತೊಂದರೆಯೂ ಇರಲಿಲ್ಲ. ಆದರೆ ಸಕಲೇಶಪುರದ ಒಂದು ಡಿಸೆಂಬರ್ ರಾತ್ರಿ ಅದರೊಳಗೆ ಕಾಫಿ ಗಿಡದ ಕೊರಡುಗಳನ್ನಿಟ್ಟು ದೊಡ್ಡ ಬೆಂಕಿ ಮಾಡಿದಾಗ ತಳದ ತಗಡು ನೀಲಿಗಟ್ಟಿ, ಸುಟ್ಟ ಹಪ್ಪಳದಂತೆ ಮೇಲಕ್ಕೆ ಉಬ್ಬಿತು. ಬೆಳಿಗ್ಗೆ ನೋಡಿದರೆ ಕೀಲುಗಳು ಬಿಗಿದುಕೊಂಡು ಮಡಚಲು ಬರುತ್ತಿರಲಿಲ್ಲ. ಅದು ಕೆಂಡಕ್ಕಾಗಿ ಮಾಡಿದ ವಸ್ತು, ಸೌದೆಯ ಉರಿಗಲ್ಲ.

ಎರಡನೆಯದು ಎರಕದ ಕಬ್ಬಿಣದ ಬಾಣಲೆಯಂಥದ್ದು. ಬಾಗುವ ಪ್ರಶ್ನೆಯೇ ಇಲ್ಲ, ಒಮ್ಮೆ ಕಾದರೆ ಗಂಟೆಗಟ್ಟಲೆ ಬಿಸಿ ಹಿಡಿದಿಡುತ್ತದೆ. ಮನೆಯ ಅಂಗಳಕ್ಕೆ ಇಂದಿಗೂ ಅದನ್ನೇ ಶಿಫಾರಸು ಮಾಡುತ್ತೇನೆ. ಪ್ರಯಾಣಕ್ಕೆ ಮಾತ್ರ ಅದೇ ಗುಣ ದೋಷವಾಗುತ್ತದೆ: ಬೆಳಿಗ್ಗೆ ಬೇಗ ಹೊರಡಬೇಕೆಂದರೆ ಅದು ಆರುವುದಿಲ್ಲ, ಬೇಗ ಆರಲೆಂದು ನೀರು ಸುರಿದರೆ ಎರಕದ ಕಬ್ಬಿಣ ಬಿರುಕು ಬಿಡುತ್ತದೆ.

ನಡುವೆ ಸ್ನೇಹಿತರೊಬ್ಬರ ಜೋಡಿಗೋಡೆಯ ಉರುಳೆಯಾಕಾರದ ಅಗ್ಗಿಷ್ಟಿಕೆಯನ್ನೂ ಒಂದು ಪ್ರವಾಸಕ್ಕೆ ತೆಗೆದುಕೊಂಡು ಹೋಗಿದ್ದೆ. ಎರಡು ಗೋಡೆಗಳ ನಡುವೆ ಕಾದ ಗಾಳಿ ಬಾಯಿಯ ಹತ್ತಿರದ ತೂತುಗಳಿಂದ ಹೊರಬಂದು, ಮೇಲೇರುವ ಹೊಗೆಯನ್ನೇ ಹೊತ್ತಿಸುತ್ತದೆ. ಸೌದೆ ಚೆನ್ನಾಗಿ ಒಣಗಿದ್ದರೆ ಕಣ್ಣುರಿ ಇಲ್ಲದ ಸುಂದರವಾದ ಬೆಂಕಿ ಸಿಗುತ್ತದೆ. ಆದರೆ ಕೆಂಡ ಆಳದಲ್ಲಿ ಕೂರುವುದರಿಂದ ಸುಡುವ ಅಡುಗೆಗೆ ಅದು ಒದಗುವುದಿಲ್ಲ, ಮಡಚಲೂ ಬರುವುದಿಲ್ಲ. ಚಳಿ ಕಾಯಿಸಲಷ್ಟೇ ಬೇಕೆನ್ನುವವರು ಅದನ್ನು ಧೈರ್ಯವಾಗಿ ಕೊಳ್ಳಬಹುದು.

ಇಷ್ಟಾದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಉರಿ ಮತ್ತು ಕೆಂಡ ಎರಡು ಬೇರೆ ಬೇರೆ ಕೆಲಸಗಳು. ಒಂದೇ ಗುಂಡಿಯಲ್ಲಿ ಎರಡನ್ನೂ ಮಾಡಹೊರಟರೆ ಊಟ ತಡವಾಗುತ್ತದೆ ಅಥವಾ ಕೋಳಿ ಹೊರಗೆ ಕರಕಲಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ಆದ್ದರಿಂದ ನಮ್ಮ ಬಡಾವಣೆಯ ವೆಲ್ಡಿಂಗ್ ಅಂಗಡಿಯವರ ಬಳಿ ಕುಳಿತು, ರಟ್ಟಿನಲ್ಲಿ ಮಾದರಿ ಕತ್ತರಿಸಿ ತೋರಿಸಿ, ನಾನೇ ಒಂದನ್ನು ಮಾಡಿಸಿಕೊಂಡೆ.

ಅದು 50 ಸೆಂಟಿಮೀಟರ್ ಉದ್ದ, 30 ಅಗಲ, 20 ಎತ್ತರದ ಪೆಟ್ಟಿಗೆ. ಗೋಡೆಗಳನ್ನು ಬೆಸೆದಿಲ್ಲ, ಸೀಳುಗಳಲ್ಲಿ ಒಂದಕ್ಕೊಂದು ಸಿಕ್ಕಿಸುವಂತಿವೆ. ಬಿಸಿಗೆ ಉಕ್ಕು ಹಿಗ್ಗುತ್ತದೆ. ಸೀಳಿನಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೆ ಆ ಹಿಗ್ಗುವಿಕೆ ಅಲ್ಲೇ ಕರಗಿ, ತಗಡು ಬಾಗುವುದು ಬಹಳ ಕಡಿಮೆಯಾಗುತ್ತದೆ. ದಪ್ಪದ ವಿಷಯದಲ್ಲಿ ಲೆಕ್ಕ ಸರಳವಾಗಿದೆ: ಒಂದು ಚದರ ಮೀಟರ್ ಉಕ್ಕಿನ ತಗಡು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಸುಮಾರು 7.85 ಕಿಲೋ ತೂಗುತ್ತದೆ. ನನ್ನ ಪೆಟ್ಟಿಗೆಯ ತಳ ಮತ್ತು ನಾಲ್ಕು ಗೋಡೆ ಸೇರಿ 0.47 ಚದರ ಮೀಟರ್. ಮೂರು ಮಿಲಿಮೀಟರ್ ತಗಡಾದರೆ ಬರಿಯ ಪೆಟ್ಟಿಗೆಯೇ 11 ಕಿಲೋ, ಎರಡಾದರೆ ಏಳೂವರೆಗಿಂತ ಕಡಿಮೆ. ಎರಡನ್ನೇ ಆರಿಸಿದೆ. ಅಡ್ಡಗೋಡೆ, ಬೂದಿಯ ತಟ್ಟೆ, ಜಾಲರಿ, ಕಾಲುಗಳೆಲ್ಲ ಸೇರಿ ಈಗ ಸುಮಾರು 12 ಕಿಲೋ. ಬಿಚ್ಚಿ ಜೋಡಿಸಿದರೆ ಗೋಣಿಚೀಲದಲ್ಲಿ ಚಪ್ಪಟೆಯಾಗಿ ಕುಳಿತು ಆ ಸಂದಿಗೆ ಸರಿಯಾಗಿ ಇಳಿಯುತ್ತದೆ.

ಇದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅಡ್ಡಗೋಡೆ. 20 ಸೆಂಟಿಮೀಟರಿನ ಭಾಗದಲ್ಲಿ ಸೌದೆ ಉರಿಯುತ್ತದೆ, 30ರ ಭಾಗದ ಮೇಲೆ ಜಾಲರಿ ಇರುತ್ತದೆ. ಅಡ್ಡಗೋಡೆಯ ಕೆಳಗೆ ನಾಲ್ಕು ಬೆರಳಿನಷ್ಟು ಕಂಡಿ ಬಿಡಿಸಿದ್ದೇನೆ. ಸೌದೆ ಉರಿದು ಕೆಂಡವಾಗುತ್ತಿದ್ದಂತೆ ಬಾಗಿದ ಸರಳಿನಿಂದ ಅದನ್ನು ಈ ಕಡೆ ಎಳೆದುಕೊಳ್ಳುತ್ತೇನೆ; ಆ ಕಡೆ ಮಕ್ಕಳು ಕಂಬಳಿ ಹೊದ್ದು ಕುಳಿತ ಬೆಂಕಿ ಹಾಗೆಯೇ ಉರಿಯುತ್ತಿರುತ್ತದೆ. ಜಾಲರಿಯ ಕೆಳಗೂ ಕೆಂಡವನ್ನು ಒಂದೇ ಬದಿಗೆ ಒತ್ತರಿಸಿ, ಇನ್ನೊಂದು ಬದಿಯನ್ನು ಖಾಲಿ ಬಿಡಬೇಕು. ಕೋಳಿಯ ಜಿಡ್ಡು ತೊಟ್ಟಿಕ್ಕಿ ಜ್ವಾಲೆ ಎದ್ದಾಗ ತುಂಡುಗಳನ್ನು ತಣ್ಣನೆಯ ಬದಿಗೆ ಸರಿಸಿದರೆ ಕರಕಲಾಗುವುದಿಲ್ಲ. ಶಾಖ ತಿಳಿಯಲು ಅಂಗೈಯನ್ನು ಜಾಲರಿಯ ಮಟ್ಟದಲ್ಲಿ ಹಿಡಿಯುತ್ತೇನೆ: ಎರಡು ಮೂರು ಎಣಿಸುವಷ್ಟರಲ್ಲಿ ಕೈ ಹಿಂತೆಗೆಯಬೇಕಾದರೆ ಅದು ಜೋಳದ ತೆನೆಗೆ ಸರಿ, ಐದಾರು ಎಣಿಸಲು ಆದರೆ ಕೋಳಿಗೂ ಮೀನಿಗೂ ಹದ. ಗೊಜ್ಜಿನ ಬದನೆಕಾಯಿಗೆ ಜಾಲರಿಯೇ ಬೇಡ, ನೇರ ಕೆಂಡದ ಮೇಲೆ.

ಜಾಲರಿಗೆ ಆರು ಮಿಲಿಮೀಟರಿನ ಸ್ಟೇನ್‌ಲೆಸ್ ಸರಳುಗಳನ್ನೇ ಹಾಕಿಸಿದೆ. ಅಂಗಡಿಯವರು ಅಗ್ಗವೆಂದು ಮೊದಲು ತೋರಿಸಿದ್ದು ಸತುವು ಲೇಪಿಸಿದ ಜಾಲರಿ, ಅಂದರೆ ಜಿಐ. ಸತುವು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಕೆಂಡದ ಶಾಖ ಅದನ್ನು ಸುಲಭವಾಗಿ ಮೀರುತ್ತದೆ, ಅತಿಯಾಗಿ ಕಾದ ಸತುವಿನ ಹೊಗೆ ಜ್ವರ ತರಿಸುತ್ತದೆ. ಜಿಐ ಬಕೆಟ್ಟಿಗೆ ತೂತು ಕೊರೆದು ಒಲೆ ಮಾಡುವವರನ್ನು ಕಂಡಾಗಲೆಲ್ಲ ನಾನು ತಡೆದು ಹೇಳುತ್ತೇನೆ. ಹೊಸ ಪೆಟ್ಟಿಗೆಯನ್ನು ಮೊದಲ ಸಲ ಅಡುಗೆಯಿಲ್ಲದೆ ಚೆನ್ನಾಗಿ ಉರಿಸಿ, ಕಾವಲಿ ಪಳಗಿಸುವ ಹಾಗೆ ಎಣ್ಣೆ ಸವರಿದೆ. ಪ್ರತಿ ಪ್ರವಾಸದ ನಂತರ ಹೀಗೆ ಸವರದಿದ್ದರೆ ಮಲೆನಾಡಿನ ತೇವಕ್ಕೆ ತುಕ್ಕು ಹಿಡಿಯುತ್ತದೆ.

ಉರುವಲಿನಲ್ಲಿ ಸರ್ವೆ ಸೌದೆಗೆ ಸಮನಾದದ್ದು ನನಗೆ ಸಿಕ್ಕಿಲ್ಲ. ಗಟ್ಟಿ ಮರ, ನಿಧಾನವಾಗಿ ಉರಿದು ಒಳ್ಳೆಯ ಕೆಂಡ ಬಿಡುತ್ತದೆ. ತಿಪಟೂರಿನ ಕಡೆ ಹೋದಾಗ ತೆಂಗಿನ ಚಿಪ್ಪಿನ ಇದ್ದಿಲು ತರುತ್ತೇನೆ, ನಾಲ್ವರ ಒಂದು ಊಟಕ್ಕೆ ಒಂದು ಕಿಲೋ ಧಾರಾಳ. ಹೊತ್ತಿಸಲು ಒಣ ತೆಂಗಿನ ನಾರು, ಎರಡು ಕರಟ, ಒಂದು ಬಿಲ್ಲೆ ಕರ್ಪೂರ ಸಾಕು; ಸೀಮೆಎಣ್ಣೆ, ಪೆಟ್ರೋಲು ಖಂಡಿತ ಬೇಡ. ಬಣ್ಣ ಬಳಿದ ಹಲಗೆ, ಪ್ಲೈವುಡ್ ತುಂಡುಗಳನ್ನೂ ಹಾಕಬಾರದು. ಬೇಲಿಯ ಕಣಗಿಲೆಯಂತೂ ವಿಷ, ಅದರ ಕಡ್ಡಿಗೆ ಮಾಂಸ ಚುಚ್ಚುವುದಿರಲಿ, ಬೆಂಕಿಗೂ ಹಾಕಬಾರದು.

ಚಿತ್ರದುರ್ಗದ ಹೊಲದ ಗಾಳಿ ನನಗೆ ಕಾಲುಗಳ ಬೆಲೆ ತಿಳಿಸಿತು. ಈಗ ಪೆಟ್ಟಿಗೆ ನೆಲದಿಂದ ಒಂದು ಗೇಣು ಮೇಲಿದೆ, ಅದರ ಕೆಳಗೆ ಬೂದಿಯ ತಟ್ಟೆ, ಸುತ್ತ ಹುಲ್ಲು ಕೆತ್ತಿದ ಬರಿ ನೆಲ. ಟೆಂಟು ಹತ್ತು ಹೆಜ್ಜೆ ದೂರದಲ್ಲಿ, ಗಾಳಿ ಬರುವ ದಿಕ್ಕಿನಲ್ಲಿ ಇರಬೇಕು, ಏಕೆಂದರೆ ಒಂದೇ ಕಿಡಿ ನೈಲಾನ್ ಬಟ್ಟೆಯನ್ನು ತೂತು ಮಾಡುತ್ತದೆ. ಫೆಬ್ರವರಿಯಿಂದ ಮಳೆ ಬೀಳುವವರೆಗೆ ನಾನು ಅಗ್ಗಿಷ್ಟಿಕೆಯನ್ನು ಮನೆಯಲ್ಲೇ ಬಿಟ್ಟು ಸಣ್ಣ ಗ್ಯಾಸ್ ಒಲೆ ಒಯ್ಯುತ್ತೇನೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದನ್ನು ಕಂಡವರಿಗೆ ಇದರ ಕಾರಣ ಹೇಳಬೇಕಿಲ್ಲ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನೂ ಉರಿಯಲು ಬಿಟ್ಟುಬರುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ನಿಷೇಧಿಸಿದೆ.

ಒಮ್ಮೆ ಬೆಳಿಗ್ಗೆ ಬೂದಿ ತಣ್ಣಗಾಗಿದೆಯೆಂದು ನಂಬಿ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಡಿಕ್ಕಿಯಲ್ಲಿಟ್ಟಿದ್ದೆ. ಹತ್ತು ನಿಮಿಷದಲ್ಲಿ ಸುಟ್ಟ ವಾಸನೆ ಬಂತು. ನಿಲ್ಲಿಸಿ ನೋಡಿದಾಗ ಚೀಲದ ತಳ ಕರಗಿ, ಬೂದಿಯ ನಡುವೆ ಹುಣಸೆ ಬೀಜದಷ್ಟು ಕೆಂಡವೊಂದು ಕೆಂಪಗೆ ಕುಳಿತಿತ್ತು. ಬೂದಿ ಕಂಬಳಿಯಂತೆ, ಕೆಂಡವನ್ನು ರಾತ್ರಿಯಿಡೀ ಬೆಚ್ಚಗೆ ಕಾಯುತ್ತದೆ. ಆ ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಟೆಂಟಿನಲ್ಲೋ ಗಾಡಿಯಲ್ಲೋ ಮಲಗಿದವರನ್ನು ಅದು ನಿದ್ದೆಯಲ್ಲೇ ಕೊಲ್ಲುತ್ತದೆ. ಎಷ್ಟೇ ಚಳಿಯಿದ್ದರೂ ಅಗ್ಗಿಷ್ಟಿಕೆ ಹೊರಗೇ ಇರಬೇಕು. ಈಗ ಮಲಗುವ ಮುನ್ನ ತಟ್ಟೆಯ ಬೂದಿಗೆ ಸ್ವಲ್ಪ ಸ್ವಲ್ಪವಾಗಿ ನೀರು ಹಾಕಿ ಕೋಲಿನಿಂದ ಕಲಸುತ್ತೇನೆ, ಚುಂಯ್ ಎನ್ನುವ ಸದ್ದು ನಿಂತ ಮೇಲೂ ಇನ್ನೊಮ್ಮೆ ಕಲಸುತ್ತೇನೆ. ಬೆಳಿಗ್ಗೆ ಅಂಗೈಯನ್ನು ಅದರೊಳಗೆ ಊರಿ ನೋಡಿ, ಪೂರ್ತಿ ತಣ್ಣಗಿದ್ದರೆ ಮಾತ್ರ ಮುಚ್ಚಳವಿರುವ ತಗಡಿನ ಡಬ್ಬಕ್ಕೆ ತುಂಬುತ್ತೇನೆ.