ಲಟಾಕಿಯಾ ಸಪ್ಪೆ ಅನ್ನಿಸಿದರೆ ಡಬ್ಬಿ ಎಸೆಯುವ ಮುಂಚೆ

ಮೊದಲ ಸಲ ಲಟಾಕಿಯಾ ತಂಬಾಕಿನ ಡಬ್ಬಿ ಬಿಚ್ಚಿದ ದಿನ ನಮ್ಮವ್ವ ಅಡುಗೆಮನೆಯಿಂದ ಓಡಿ ಬಂದು ಮೇನ್ ಸ್ವಿಚ್ ಆಫ್ ಮಾಡಿದಳು. "ಎಲ್ಲೋ ವೈರ್ ಸುಟ್ಟದ ನೋಡೋ" ಅಂದಳು. ನಾನು ಇನ್ನೂ ಕಡ್ಡಿ ಗೀರಿರಲಿಲ್ಲ, ಬರೀ ಮುಚ್ಚಳ ತೆಗೆದಿದ್ದೆ. ಕಲಬುರಗಿಯ ಮೇ ತಿಂಗಳು, ಫ್ಯಾನ್ ನಿಂತಿದೆ, ಡಬ್ಬಿ ಬೆನ್ನ ಹಿಂದೆ ಹಿಡಿದುಕೊಂಡು ಬೆವರುತ್ತಾ ಕೂತಿದ್ದೆ.

ಎರಡು ವರ್ಷ ಬಿಟ್ಟು ಅದೇ ತಂಬಾಕು ನನಗೆ ಹಳೇ ಪೇಪರ್ ಸುಟ್ಟ ಹಾಗೆ ಅನ್ನಿಸತೊಡಗಿತು. ಪೈಪ್ ಸೇದುವವರಲ್ಲಿ ಇದು ಮಾಮೂಲು. ಮೊದಲು ಘಾಟಿಗೆ ಹೆದರಿಕೆ, ಆಮೇಲೆ ಅದರದೇ ಹುಚ್ಚು, ಆಮೇಲೆ ಬೇಸರ. ಬೇಸರ ಬಂದಾಗ ಕೆಲವರು ಡಬ್ಬಿಯನ್ನು ಯಾರಿಗೋ ಕೊಟ್ಟುಬಿಡುತ್ತಾರೆ, ಇನ್ನು ಕೆಲವರು ಇದಕ್ಕಿಂತ ಘಾಟಿನದು ಎಲ್ಲಿ ಸಿಗುತ್ತೆ ಅಂತ ಹುಡುಕುತ್ತಾರೆ. ನಮ್ಮ ಕಡೆ ಇಂಥದ್ದು ಅಂಗಡಿಯಲ್ಲಿ ಸಿಗುವುದೇ ಕಷ್ಟ, ನನಗಂತೂ ದುಬೈನಲ್ಲಿರುವ ಗೆಳೆಯ ರಜೆಗೆ ಬಂದಾಗ ತರುವ ಎರಡೇ ಡಬ್ಬಿ. ಹಾಗಾಗಿ ತಪ್ಪು ಮೂಗಿನದೋ, ಡಬ್ಬಿಯದೋ, ಪೈಪಿನದೋ ಅಂತ ಮೊದಲು ನೋಡುವುದನ್ನು ಕಲಿತೆ.

ಈ ಎಲೆ ಏನು ಅಂತ ಒಂದು ಮಾತು. ಲಟಾಕಿಯಾ ಅನ್ನುವುದು ಸಿರಿಯಾದ ಒಂದು ಬಂದರು ಊರಿನ ಹೆಸರು. ಈಗ ಸಿಗುವುದು ಬಹುತೇಕ ಸೈಪ್ರಸ್ ಬಗೆಯದು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವ ವರ್ಜೀನಿಯಾ ಎಲೆಯನ್ನು ಬ್ಯಾರನ್ ಅನ್ನುವ ಕೋಣೆಯಲ್ಲಿ ಒಣಗಿಸುವಾಗ ಬಿಸಿ ಕೊಳವೆಯ ಮೂಲಕ ಬರುತ್ತದೆ, ಹೊಗೆ ಎಲೆಗೆ ತಾಗುವುದಿಲ್ಲ. ಲಟಾಕಿಯಾದಲ್ಲಿ ಉಲ್ಟಾ. ಕಟ್ಟಿಗೆ, ಪೊದೆಗಳ ಬೆಂಕಿ ಹಾಕಿ ವಾರಗಟ್ಟಲೆ ಹೊಗೆಯನ್ನೇ ಎಲೆಗೆ ಕುಡಿಸುತ್ತಾರೆ, ಎಲೆ ಕಪ್ಪಗಾಗುವವರೆಗೆ. ವಾಸನೆ ಜೋರು ಅಂತ ಇದನ್ನು ಕಿಕ್ ಜಾಸ್ತಿ ಇರುವ ತಂಬಾಕು ಅಂದುಕೊಳ್ಳಬೇಡಿ. ನಿಕೋಟಿನ್ ಕಮ್ಮಿಯೇ. ಘಾಟು ಬೇರೆ, ಕಿಕ್ ಬೇರೆ.

ಮೊದಲು ಮೂಗು. ಗುರುವಾರ ಸಂಜೆ ಅಂಗಡಿ ಅಂಗಡಿಗೆ ಲೋಬಾನ ಹಾಕುತ್ತಾ ಬರುತ್ತಾರಲ್ಲ, ಹೊಗೆ ತುಂಬಿದ ಐದು ನಿಮಿಷಕ್ಕೆ ಗಲ್ಲೆಯ ಮೇಲೆ ಕೂತವನಿಗೆ ಅದು ಗೊತ್ತೇ ಆಗುವುದಿಲ್ಲ, ಆಗ ತಾನೇ ಒಳಗೆ ಬಂದ ಗಿರಾಕಿಗೆ ಮಾತ್ರ ಘಮ್ ಅನ್ನುತ್ತದೆ. ದಿನಾ ಲಟಾಕಿಯಾ ಸೇದುವವನು ಆ ಗಲ್ಲೆಯ ಮೇಲೆ ಕೂತವನೇ. ಪರೀಕ್ಷೆ ಸುಲಭ. ಬೆಳಿಗ್ಗೆ ಚಹಾಕ್ಕೂ ಮುಂಚೆ ಡಬ್ಬಿ ಬಿಚ್ಚಿ ಮೂಸಿ ನೋಡಿ. ಆಮೇಲೆ ಏನೂ ಸೇದದ ಒಬ್ಬರ ಮೂಗಿಗೆ ಹಿಡಿಯಿರಿ. ಅವರು ತಲೆ ಹಿಂದಕ್ಕೆ ಎಳೆದುಕೊಂಡರೆ ಡಬ್ಬಿ ಚೆನ್ನಾಗೇ ಇದೆ, ನಿಮ್ಮ ಮೂಗು ದಣಿದಿದೆ ಅಷ್ಟೇ. ಹದಿನೈದು ದಿನ ಲಟಾಕಿಯಾದಂಥ ಹೊಗೆ ಕುಡಿದ ತಂಬಾಕು ಮುಟ್ಟಬೇಡಿ. ಪೈಪನ್ನೇ ಬಿಟ್ಟಿದ್ದರೆ ಇನ್ನೂ ಒಳ್ಳೆಯದು. ನಾನು ಹಾಗೆ ಬಿಟ್ಟು ಮತ್ತೆ ಹಚ್ಚಿದ ದಿನ, ಮೊದಲ ಎರಡು ದಮ್ಮಿಗೇ ಹಳೆಯ ಲೋಬಾನ, ಚರ್ಮ, ಸುಟ್ಟ ಬದನೆಕಾಯಿ ಸಿಪ್ಪೆ ಎಲ್ಲಾ ವಾಪಸ್ ಬಂದವು. ವಯಸ್ಸಾದ ಹಾಗೆ ಮೂಗು ಮಂದವಾಗುವುದೂ ಇದೆ, ಧೂಮಪಾನವೂ ಅದನ್ನು ಮಂದ ಮಾಡುತ್ತದೆ. ಅದಕ್ಕೆ ಹದಿನೈದು ದಿನದ ಔಷಧ ಇಲ್ಲ.

ಆಮೇಲೆ ಡಬ್ಬಿ. ನಮ್ಮ ಬೇಸಿಗೆ ಗೊತ್ತಲ್ಲ, 42 ಡಿಗ್ರಿಯಲ್ಲಿ ಬಿಚ್ಚಿಟ್ಟ ತಂಬಾಕು ಎರಡೇ ದಿನಕ್ಕೆ ಕರಂಕುರುಂ ಅನ್ನುತ್ತದೆ. ಒಂದು ಚಿಟಿಕೆ ಒತ್ತಿ ಬಿಡಿ. ಮೆಲ್ಲಗೆ ಬಿಚ್ಚಿಕೊಂಡರೆ ಹದ ಸರಿ, ಪುಡಿಯಾದರೆ ಒಣಗಿದೆ, ಉಂಡೆಯಾಗೇ ಉಳಿದರೆ ಹಸಿ ಜಾಸ್ತಿ. ಒಣಗಿದ್ದಕ್ಕೆ ನೀರು ಚಿಮುಕಿಸಲೇಬೇಡಿ. ಹಳೇ ಗಡಿಗೆಯ ಒಂದು ಸಣ್ಣ ಚೂರನ್ನು ತೊಳೆದು, ನೀರಲ್ಲಿ ನೆನೆಸಿ, ಒರೆಸಿ, ತಂಬಾಕಿಟ್ಟ ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಇಡಿ, ಬೆಳಿಗ್ಗೆ ತೆಗೆದುಬಿಡಿ. ಮರೆತು ವಾರ ಬಿಟ್ಟರೆ ಬೂಸು ಬರುತ್ತದೆ. ನನಗೆ ಬಂದಿದೆ, ಇಡೀ ಬಾಟಲಿ ತಿಪ್ಪೆಗೆ ಹೋಯಿತು. ಬಾಟಲಿ ಮಾತ್ರ ಉಪ್ಪಿನಕಾಯಿದು ಆಗಿರಬಾರದು, ಎಷ್ಟು ತೊಳೆದರೂ ಇಂಗಿನ ವಾಸನೆ ಬಿಡುವುದಿಲ್ಲ.

ಇನ್ನೊಂದು, ಡಬ್ಬಿ ಕೂಡಿಡುವವರಿಗೆ. ಸೀಲ್ ಮಾಡಿದ ಡಬ್ಬಿಯಲ್ಲಿ ವರ್ಜೀನಿಯಾ ವರ್ಷ ಕಳೆದಂತೆ ರುಚಿಗಟ್ಟುತ್ತದೆ. ಲಟಾಕಿಯಾ ಮೆತ್ತಗಾಗುತ್ತಾ ಹೋಗುತ್ತದೆ. ಏಳು ವರ್ಷ ಇಟ್ಟು ಬಿಚ್ಚಿ, ಮೊದಲಿನ ಘಾಟು ಎಲ್ಲಿ ಅಂತ ಕೇಳಿದರೆ ಹೇಗೆ? ಸುಮ್ನೆ ಕೂಡಿಡಬೇಡಿ.

ಮೂರನೆಯದು ಪೈಪ್. ಪೈಪ್ ಮಾಡುವ ಬ್ರಯರ್ ಕಟ್ಟಿಗೆ ಸೇದಿದ್ದನ್ನೆಲ್ಲ ಕುಡಿದುಕೊಳ್ಳುತ್ತದೆ. ಸೆಂಟಿನ ತಂಬಾಕು ಸೇದಿದ ಪೈಪಿಗೇ ಲಟಾಕಿಯಾ ತುಂಬಿದರೆ ಎರಡೂ ಕೆಡುತ್ತವೆ. ಮೆಕ್ಕೆಜೋಳದ ದಿಂಡಿನ ಪೈಪ್ ಅಗ್ಗ, (ನಮ್ಮ ರೊಟ್ಟಿ ಜೋಳ ಅಲ್ಲಪ್ಪ) ಒಂದು ಹೊಸದು ತಗೊಂಡು ಅದರಲ್ಲಿ ಅದೇ ತಂಬಾಕು ಸೇದಿ ನೋಡಿ. ರುಚಿ ಬಂತಾ? ಹಾಗಾದರೆ ಹಳೇ ಪೈಪನ್ನು ಬಿಚ್ಚಿ ತೊಳೆಯುವ ಕಾಲ ಬಂದಿದೆ. ಒಳಗೆ ಕಟ್ಟಿದ ಮಸಿಯನ್ನು ಒಂದು ನಾಣ್ಯದ ದಪ್ಪ ಬಿಟ್ಟು ಕೆರೆಯಿರಿ, ನಳಿಗೆಗೆ ಸ್ಪಿರಿಟ್ ಅಲ್ಲ, ಕುಡಿಯುವ ರಮ್ಮಿನಲ್ಲಿ ಅದ್ದಿದ ಪೈಪ್ ಕ್ಲೀನರ್ (ಹತ್ತಿ ಸುತ್ತಿದ ತಂತಿ) ಹಾಕಿ, ಅದು ಬೆಳ್ಳಗೆ ಹೊರಗೆ ಬರುವವರೆಗೆ. ಆಮೇಲೆ ಎರಡು ದಿನ ಒಣಗಲಿ. ಹೊಗೆ ಕುಡಿದ ತಂಬಾಕಿಗೆ ಅಂತಲೇ ಒಂದು ಪೈಪ್ ಬೇರೆ ಇಡಿ.

ಮೂರೂ ಸರಿ ಇದ್ದು, ಆದರೂ ಬೇಡ ಅನ್ನಿಸಿದರೆ ನಿಮ್ಮ ರುಚಿಯೇ ತಿರುಗಿದೆ. ಅದಕ್ಕೇನೂ ಬೇಜಾರು ಬೇಡ. ಎಲೆಯ ಸಿಹಿ ನಾಲಿಗೆಗೆ ಗೊತ್ತಾಗತೊಡಗಿದ ಮೇಲೆ ಹೊಗೆ ಅದನ್ನು ಮುಚ್ಚುತ್ತಿದೆ ಅನ್ನಿಸುತ್ತದೆ. ಆಗ ಹೊಗೆಯನ್ನು ಪೂರ್ತಿ ಬಿಡದೆ ಅಳತೆ ಇಳಿಸಿ. ಆರು ಚಿಟಿಕೆ ವರ್ಜೀನಿಯಾಕ್ಕೆ ಒಂದು ಚಿಟಿಕೆ ನಿಮ್ಮ ಹಳೇ ಡಬ್ಬಿಯದು, ಬಾಟಲಿಯಲ್ಲಿ ಕಲಸಿ ಎರಡು ವಾರ ಮುಚ್ಚಿಡಿ. ಕಲಸಿದ ದಿನವೇ ಸೇದಿದರೆ ಎರಡೂ ಬೇರೆ ಬೇರೆ ಮಾತಾಡುತ್ತವೆ. ವರ್ಜೀನಿಯಾದಲ್ಲಿ ಸಕ್ಕರೆ ಜಾಸ್ತಿ, ಜೋರಾಗಿ ಎಳೆದರೆ ನಾಲಿಗೆ ಸುಡುತ್ತದೆ. ಬಿಸಿ ಚಹಾ ಬಸಿಯಲ್ಲಿ ಹಾಕಿಕೊಂಡು ಗುಟುಕರಿಸುತ್ತೀವಲ್ಲ, ಆ ವೇಗ ಸಾಕು.

ಬೀದರಿನ ಗೆಳೆಯನ ಮನೆಯಲ್ಲಿ ಅವನ ಮುತ್ತಜ್ಜನ ಬಿದರಿ ಹುಕ್ಕಾದ ಬುಡ ಇದೆ. ಕಪ್ಪು ಮೈ, ಬೆಳ್ಳಿ ಹೂಬಳ್ಳಿ. ಈಗ ಅದರಲ್ಲಿ ಪ್ಲಾಸ್ಟಿಕ್ ಗುಲಾಬಿ. ಮೂಗು ಹಾಕಿ ನೋಡಿದೆ, ಯಾವ ವಾಸನೆಯೂ ಇಲ್ಲ. ಅವರ ಮನೆಯಲ್ಲಿ ಈಗ ಯಾರೂ ಸೇದುವುದಿಲ್ಲ, ಅದೇ ಒಳ್ಳೆಯದು. ಹೊಗೆ ಒಳಗೆ ನುಂಗದಿದ್ದರೂ ಪೈಪಿನಿಂದ ತುಟಿ, ಬಾಯಿ, ಗಂಟಲಿನ ಕ್ಯಾನ್ಸರ್ ಬರಬಹುದು. ನಮ್ಮ ಊರಲ್ಲಿ ಎಲ್ಲರೂ ಗುಟ್ಕಾಕ್ಕೆ ಮಾತ್ರ ಹೆದರುತ್ತಾರೆ. ಬಾಯಲ್ಲಿ ಬಿಳಿ ಮಚ್ಚೆಯೋ ಹುಣ್ಣೋ ಎರಡು ವಾರಕ್ಕೂ ಮಾಯದಿದ್ದರೆ ಪೈಪ್ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ. ಸೇದದವರು ಇದನ್ನು ಓದಿ ಶುರು ಮಾಡಬೇಡಿ.

ನನ್ನ ಲೆಕ್ಕ ಈಗ ವಾರಕ್ಕೆ ಒಂದೇ ಪೈಪು, ಅದೂ ಮಾಳಿಗೆಯ ಮೇಲೆ. ಆರಕ್ಕೆ ಒಂದು ಚಿಟಿಕೆ ಇದ್ದದ್ದು ಎಂಟಕ್ಕೆ ಒಂದಾಗಿದೆ. ಆದರೂ ಇಳಿದು ಬಂದ ಕೂಡಲೆ ಅವ್ವ ಫ್ಯಾನಿನ ಸ್ಪೀಡ್ ಏರಿಸುತ್ತಾಳೆ.