ಹಣ ಕಳಿಸುವ ಮುಂಚೆ ಹೆಸರು ನೋಡಿ: ಜರ್ಮನಿಗೆ ಬಂದ ಹೊಸಬರಿಗೆ

ಮೊದಲ ಸಂಬಳ ಕೈಗೆ ಬಂದ ವಾರವೇ ಊರಿಗೆ ಒಂದಿಷ್ಟು ಕಳಿಸುವ ಆಸೆ ಎಲ್ಲರಿಗೂ. ಅದಾದ ಮುಂದಿನ ವಾರ ನನಗೆ ಫೋನ್ ಬರುತ್ತದೆ. "ಅಣ್ಣಾ, ನಾಲ್ಕು ದಿನ ಆಯ್ತು, ಅಪ್ಪನ ಖಾತೆಗೆ ದುಡ್ಡು ಮುಟ್ಟೇ ಇಲ್ಲ." ನಾನು ಮೊದಲು ಕೇಳುವುದು ಒಂದೇ: "ಹೆಸರು ಹೇಗೆ ಬರೆದಿದ್ದೀರಿ?"

ಫ್ರಾಂಕ್‌ಫರ್ಟಿನಲ್ಲಿ ನನ್ನ ಕೆಲಸವೇ ಇದು, ಬ್ಯಾಂಕ್ ಪಾವತಿಯ ಸಾಫ್ಟ್‌ವೇರ್ ಟೆಸ್ಟಿಂಗ್. ಇಲ್ಲಿಂದ ಹೊರಡುವುದು ಹಣವಲ್ಲ, ಒಂದು ಸಂದೇಶ. ಅದು ಸ್ವಿಫ್ಟ್ ಜಾಲದಲ್ಲಿ ಹೋಗುತ್ತದೆ. 1973ರಲ್ಲಿ ಬೆಲ್ಜಿಯಂನಲ್ಲಿ ಶುರುವಾದ, ಬ್ಯಾಂಕುಗಳೇ ಸೇರಿ ಕಟ್ಟಿಕೊಂಡ ಸಹಕಾರಿ ಸಂಸ್ಥೆ ಅದು. ಇಲ್ಲಿನ ಬ್ಯಾಂಕಿಗೂ ಊರಿನ ಬ್ಯಾಂಕಿಗೂ ನೇರ ವ್ಯವಹಾರ ಇಲ್ಲದಿದ್ದರೆ ನಡುವೆ ಮೂರನೇ ಬ್ಯಾಂಕು ಬರುತ್ತದೆ. ಒಂದೊಂದು ಕಡೆಯಲ್ಲೂ ಸಾಫ್ಟ್‌ವೇರ್ ಹೆಸರು, ವಿಳಾಸ, ಷರಾ ಎಲ್ಲವನ್ನೂ ಓದುತ್ತದೆ. ವಿಶ್ವಸಂಸ್ಥೆ, ಯುರೋಪಿಯನ್ ಒಕ್ಕೂಟ, ಅಮೆರಿಕದ ನಿರ್ಬಂಧ ಪಟ್ಟಿಗಳ ಜೊತೆ, ಅಂದರೆ ಯಾರ ಜೊತೆ ವ್ಯವಹಾರ ಕೂಡದು ಎಂಬ ಪಟ್ಟಿಗಳ ಜೊತೆ, ಹೋಲಿಸುತ್ತದೆ. ಹೆಸರು ಪೂರ್ತಿ ಹೊಂದಬೇಕೆಂದಿಲ್ಲ, ಹತ್ತಿರ ಬಂದರೂ ಸಾಕು, ಪಾವತಿ ನಿಲ್ಲುತ್ತದೆ. ಆಮೇಲೆ ಒಬ್ಬ ಮನುಷ್ಯ ಕೂತು ನೋಡಬೇಕು. ಶುಕ್ರವಾರ ಸಂಜೆ ನಿಂತರೆ ಸೋಮವಾರದ ತನಕ ಕಾಯುವುದೇ. (ಕಿರಣ್ ಎಂದು ಇಂಗ್ಲಿಷಿನಲ್ಲಿ ಬರೆದು ಮೊದಲ ಅಕ್ಷರ ಅಳಿಸಿ ನೋಡಿ. ಇರಾನ್, ನಿರ್ಬಂಧಕ್ಕೆ ಒಳಗಾದ ದೇಶ! ಒಳ್ಳೆಯ ಸಾಫ್ಟ್‌ವೇರ್ ಇಷ್ಟಕ್ಕೆಲ್ಲ ಎಡವಬಾರದು. ಎಡವುತ್ತದೋ ಇಲ್ಲವೋ ಎಂದು ನೋಡುವುದಕ್ಕೇ ನಮಗೆ ಸಂಬಳ.)

ನಮ್ಮ ಹೆಸರುಗಳ ತೊಂದರೆಯೇ ಬೇರೆ. ಕೆ. ಆರ್. ಮಂಜುನಾಥ ಎಂದರೆ ನಮಗೆ ಗೊತ್ತು, ಕೆ ಊರು, ಆರ್ ಅಪ್ಪ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಕಡೂರು ರಾಮಪ್ಪ ಮಂಜುನಾಥ ಆಗುತ್ತದೆ. ಊರಿನ ಪಾಸ್‌ಬುಕ್ಕಿನಲ್ಲಿ ಮಂಜುನಾಥ ಕೆ ಆರ್. ಇಲ್ಲಿನ ಬ್ಯಾಂಕು ಕಡೂರನ್ನೇ ಮನೆತನದ ಹೆಸರು ಅಂದುಕೊಂಡು "ಹೆರ್ ಕಡೂರು" (ಶ್ರೀ ಕಡೂರು) ಎಂದು ಕಾಗದ ಬರೆಯುತ್ತದೆ. ಕಂಪ್ಯೂಟರಿಗೆ ಇವರು ಮೂವರು! ನಾನು ಮೊದಲ ಸಲ ಕಳಿಸಿದಾಗ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದೆ, ಮರ್ಯಾದೆ ಅಂತ. ಖಾತೆಯಲ್ಲಿದ್ದದ್ದು ಇನಿಷಿಯಲ್. ಹಣ ವಾಪಸ್ ಬಂತು, ಎರಡೂ ಕಡೆಯ ಶುಲ್ಕ ಕಳೆದುಕೊಂಡು. ಆದ್ದರಿಂದ ಪಾಸ್‌ಬುಕ್ಕಿನ ಫೋಟೋ ತರಿಸಿಕೊಳ್ಳಿ. ಅದರಲ್ಲಿರುವ ಹಾಗೇ ಅಕ್ಷರಕ್ಕೆ ಅಕ್ಷರ ಬರೆಯಿರಿ.

ಫೋಟೋ ಬಂದ ಮೇಲೆ ಬ್ಯಾಂಕ್ ಶಾಖೆಯ ಗುರುತಾದ ಐಎಫ್‌ಎಸ್‌ಸಿಯನ್ನೂ ನೋಡಿ. ಇಲ್ಲಿ ಖಾತೆ ಸಂಖ್ಯೆಯಾಗಿ ಬಳಸುವ ಐಬ್ಯಾನ್ ಭಾರತದಲ್ಲಿ ಇಲ್ಲ. ಖಾತೆ ಸಂಖ್ಯೆ, ಸ್ವಿಫ್ಟ್ ಕೋಡ್, 11 ಅಕ್ಷರದ ಐಎಫ್‌ಎಸ್‌ಸಿ, ಇಷ್ಟು ಬೇಕು. ಪಾಸ್‌ಬುಕ್ ಹಳೆಯದಾದರೆ ಜೋಪಾನ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಗೆ, 2020ರಲ್ಲಿ ಸಿಂಡಿಕೇಟ್ ಕೆನರಾಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ನಮ್ಮಮ್ಮ ಇವತ್ತಿಗೂ "ಸಿಂಡಿಕೇಟಿಗೆ ಹೋಗಿ ಬರ್ತೀನಿ" ಅಂತಲೇ ಹೇಳುವುದು. ಸಾಫ್ಟ್‌ವೇರ್ ಮಾತ್ರ ಹಳೆಯ ಕೋಡ್ ಒಪ್ಪುವುದಿಲ್ಲ.

ಷರಾದಲ್ಲಿ ತಮಾಷೆ ಬೇಡ. ಮನೆ ಖರ್ಚಿಗಾದರೆ ಇಂಗ್ಲಿಷಿನಲ್ಲಿ ಫ್ಯಾಮಿಲಿ ಮೇಂಟೆನೆನ್ಸ್ ಎಂದು ಬರೆಯಿರಿ. ಭಾರತದ ಕಡೆ ಕೇಳುವ ಪರ್ಪಸ್ ಕೋಡ್ ಅದಕ್ಕೆ ಪಿ1301. ನಿಮ್ಮದೇ ಹಳೆಯ ಉಳಿತಾಯ ಖಾತೆಗೆ ಹಾಕುವ ಮುಂಚೆ ಅದನ್ನು ಎನ್‌ಆರ್‌ಒ (ಅನಿವಾಸಿಗಳ ಸಾಮಾನ್ಯ ಖಾತೆ) ಮಾಡಿಸಿ, ಇಲ್ಲವೇ ಹೊಸದಾಗಿ ಎನ್‌ಆರ್‌ಇ (ವಿದೇಶದ ಗಳಿಕೆ ಇಡುವ ಅನಿವಾಸಿ ಖಾತೆ) ತೆರೆಯಿರಿ. ಅನಿವಾಸಿಯಾದ ಮೇಲೆ ಹಳೆಯ ಖಾತೆಯನ್ನು ಹಾಗೇ ನಡೆಸುವಂತಿಲ್ಲ.

ಹಣ ಸಿಕ್ಕಿಹಾಕಿಕೊಂಡಿತು ಅಂದುಕೊಳ್ಳಿ. ಪ್ರತಿ ಸ್ವಿಫ್ಟ್ ಪಾವತಿಗೂ ಯುಇಟಿಆರ್ ಎಂಬ 36 ಅಕ್ಷರದ ಗುರುತು ಇರುತ್ತದೆ. ಅದನ್ನು ಕೇಳಿ ತೆಗೆದುಕೊಳ್ಳಿ. ಯಾವ ಬ್ಯಾಂಕಿನಲ್ಲಿ ನಿಂತಿದೆ ಎಂದು ಅದರಿಂದ ಹುಡುಕಬಹುದು. ಹೆಲ್ಪ್‌ಲೈನಿನವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಅಕ್ರಮ ಹಣದ ಅನುಮಾನ ಅಂತ ಬ್ಯಾಂಕು ಸರ್ಕಾರಕ್ಕೆ ವರದಿ ಕೊಟ್ಟಿದ್ದರೆ, ಅದನ್ನು ನಿಮಗೆ ಹೇಳಲು ಕಾನೂನೇ ಬಿಡುವುದಿಲ್ಲ. ಸಂಬಳದ ಚೀಟಿ ಕೇಳಿದರೆ ಸುಮ್ನೆ ಕಳಿಸಿಬಿಡಿ.

ಊರಲ್ಲಿ ಸೈಟ್ ಕೊಳ್ಳುವವರಿಗೆ ಒಂದು ಮಾತು. ಮಾರುವವರಿಗೆ ಇಲ್ಲಿಂದಲೇ 50,000 ಯೂರೋಗಿಂತ ಜಾಸ್ತಿ ಕಳಿಸಿದರೆ ಇಲ್ಲಿನ ಕೇಂದ್ರ ಬ್ಯಾಂಕಾದ ಬುಂಡೆಸ್‌ಬ್ಯಾಂಕಿಗೆ ತಿಳಿಸಬೇಕು. ಬ್ಯಾಂಕಲ್ಲ, ನೀವೇ. 2024ರ ಕೊನೆಯವರೆಗೆ ಈ ಮಿತಿ 12,500 ಇತ್ತು. ಹಳಬರು ಈಗಲೂ ಅದನ್ನೇ ಹೇಳುತ್ತಾರೆ. ಬರೀ ತಿಳಿಸುವ ವಿಷಯ, ತೆರಿಗೆ ಅಲ್ಲ. ಅದನ್ನು ತಪ್ಪಿಸಲು ಮೊತ್ತ ಒಡೆದು ಒಡೆದು ಕಳಿಸಬೇಡಿ. ಸಾಫ್ಟ್‌ವೇರ್ ಹುಡುಕುವುದೇ ಅಂಥದ್ದನ್ನು.

ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಸೆಮಿಸ್ಟರ್ ಶುರುವಾದಾಗೆಲ್ಲ ಒಂದು ಮೆಸೇಜ್ ಬರುತ್ತದೆ: "ನಾನು ನಿಮ್ಮ ಮನೆಗೆ ರೂಪಾಯಿ ಹಾಕಿಸ್ತೀನಿ, ನೀವಿಲ್ಲಿ ನನಗೆ ಯೂರೋ ಕೊಡಿ." ಶುಲ್ಕ ಉಳಿಯುತ್ತದೆ, ನಿಜ. ಆದರೆ ಭಾರತದ ವಿದೇಶಿ ವಿನಿಮಯ ಕಾನೂನಾದ ಫೆಮಾ ಇದನ್ನು ಒಪ್ಪುವುದಿಲ್ಲ. ಆ ರೂಪಾಯಿ ಯಾರ ಖಾತೆಯಿಂದ ಬಂತೋ ನಿಮಗೆ ಗೊತ್ತಿರುವುದಿಲ್ಲ. ಅದು ಮೋಸದ ಹಣವಾಗಿದ್ದರೆ ಮೊದಲು ಬಂದ್ ಆಗುವುದು ಊರಿನಲ್ಲಿರುವ ಅಪ್ಪನ ಖಾತೆ. ಅವರ ಪಿಂಚಣಿ ಬರುವುದೂ ಅದಕ್ಕೇ, ಅಲ್ವಾ?