ಗೇರು ಬೆಳೆದು ಊರಲ್ಲೇ ಗೋಡಂಬಿ ಮಾಡುವ ಬಗೆ

ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದ ಗೇರು ಇಂದು ಕರಾವಳಿಯ ಗುಡ್ಡೆ, ಪದವುಗಳಲ್ಲಿ ತಾನಾಗಿ ಹುಟ್ಟಿದ ಮರವೇನೋ ಎಂಬಷ್ಟು ಬೇರೂರಿದೆ. ಅಡಿಕೆ, ತೆಂಗಿಗೆ ನೀರು, ಗೊಬ್ಬರ, ಕಾವಲು ಎಲ್ಲವನ್ನೂ ಕೊಡುವ ಕೃಷಿಕರು ಗೇರನ್ನು ಮಾತ್ರ ಅದರ ಪಾಡಿಗೆ ಬಿಟ್ಟು, ಬೇಸಿಗೆಯಲ್ಲಿ ಉದುರಿದ ಬೀಜವನ್ನು ಹೆಕ್ಕಿ, ಅಂದಂದಿನ ಬೀಜವನ್ನು ಅಂದಂದೇ ಅಂಗಡಿಗೆ ಹಾಕಿ ಬರುವುದು ಬಹಳ ಹಿಂದಿನಿಂದ ನಡೆದುಬಂದ ರೂಢಿ. ಹಾಗೆ ಮಾರಿದ ಬೀಜವೇ ಕಾರ್ಕಳ, ಉಡುಪಿ, ಮಂಗಳೂರು ಕಡೆಯ ಕಾರ್ಖಾನೆಗಳಲ್ಲಿ ಗೋಡಂಬಿಯಾಗಿ ಹಲವು ಪಟ್ಟು ಬೆಲೆಗೆ ಹೊರಬರುತ್ತದೆ. ನಮ್ಮ ದೇಶದ ಕಾರ್ಖಾನೆಗಳಿಗೆ ಇಲ್ಲಿನ ಬೀಜ ಸಾಲದೆ ಐವರಿ ಕೋಸ್ಟ್, ಟಾಂಜಾನಿಯಾ, ಬೆನಿನ್ ಮೊದಲಾದ ಆಫ್ರಿಕಾದ ದೇಶಗಳಿಂದ ಹಡಗಿನಲ್ಲಿ ತರಿಸಿಕೊಳ್ಳುತ್ತಿರುವಾಗ, ಬೀಜ ಬೆಳೆಯುವ ಊರಿನಲ್ಲಿಯೇ ಅದನ್ನು ಒಡೆದು ತಿರುಳು ಮಾಡುವುದು ಸಣ್ಣ ಹಿಡುವಳಿದಾರರಿಗೂ ಸ್ವಸಹಾಯ ಸಂಘಗಳಿಗೂ ಕೈಗೆಟುಕುವ ಕಸುಬೆಂದು ನಾನು ನಂಬಿದ್ದೇನೆ. ಆದರೆ ಈ ಕಸುಬಿನ ಲಾಭ–ನಷ್ಟವನ್ನು ತೀರ್ಮಾನಿಸುವುದು ಯಂತ್ರಕ್ಕಿಂತ ಹೆಚ್ಚಾಗಿ ಬೀಜದ ತೇವಾಂಶ ಎಂಬುದನ್ನು ಮೊದಲೇ ಮನದಟ್ಟು ಮಾಡಿಕೊಳ್ಳಬೇಕು.

ಜಾಗ ಮತ್ತು ಗಿಡ

ಮುರಕಲ್ಲಿನ ನೆಲ, ಇಳಿಜಾರು ಗುಡ್ಡೆ, ಮರಳುಮಿಶ್ರಿತ ಕೆಂಪು ಮಣ್ಣು ಇವೆಲ್ಲ ಗೇರಿಗೆ ಒಗ್ಗುತ್ತವೆ. ನೀರು ನಿಲ್ಲುವ ತಗ್ಗು ಮಾತ್ರ ಒಗ್ಗುವುದಿಲ್ಲ. ದಟ್ಟ ನೆರಳಿರುವಲ್ಲಿಯೂ ನೆಡಬಾರದು, ಏಕೆಂದರೆ ಬಿಸಿಲು ಬೀಳುವ ರೆಂಬೆಯ ತುದಿಯಲ್ಲಿ ಮಾತ್ರ ಗೇರು ಹೂ ಬಿಡುತ್ತದೆ. ಏಳೂವರೆ ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 70 ಗಿಡ ಹಿಡಿಯುತ್ತದೆ. ಐದು ಮೀಟರಿಗೊಂದರಂತೆ ಒತ್ತಾಗಿ ನೆಡುವ ಕ್ರಮವೂ ಇದೆ; ಆಗ ಎಕರೆಗೆ 160 ಗಿಡಗಳಾಗಿ ಮೊದಲ ವರ್ಷಗಳ ಇಳುವರಿ ಹೆಚ್ಚುತ್ತದೆ, ಆದರೆ ವರ್ಷವರ್ಷವೂ ಕೊಂಬೆ ಸವರುವ ಶ್ರಮಕ್ಕೆ ಸಿದ್ಧರಿಲ್ಲದವರು ಅದಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಬೀಜ ಬಿತ್ತಿ ಗಿಡ ಮಾಡುವ ಕಾಲ ಮುಗಿದಿದೆ. ಬೀಜದ ಗಿಡ ತಾಯಿಯ ಗುಣವನ್ನು ಹಾಗೆಯೇ ಪಡೆಯುವುದಿಲ್ಲವಾದ್ದರಿಂದ ಮೃದುಕಾಂಡ ಕಸಿ ಮಾಡಿದ ಗಿಡವನ್ನೇ ತರಬೇಕು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯವೂ ಉಳ್ಳಾಲದ ಕೃಷಿ ಸಂಶೋಧನಾ ಕೇಂದ್ರವೂ ನಮ್ಮ ಕರಾವಳಿಗೆ ಹೊಂದುವ ತಳಿಗಳನ್ನು ಕೊಟ್ಟಿವೆ. ಉಳ್ಳಾಲ-1, ಉಳ್ಳಾಲ-3, ಭಾಸ್ಕರ, ಮಹಾರಾಷ್ಟ್ರದಿಂದ ಬಂದ ವೆಂಗುರ್ಲಾ-4 ಮತ್ತು ವೆಂಗುರ್ಲಾ-7 ಇಲ್ಲಿನ ತೋಟಗಳಿಗೆ ಪರಿಚಿತವಾದವು. ವೆಂಗುರ್ಲಾ-7ರ ಒಂದು ಬೀಜ ಸುಮಾರು 10 ಗ್ರಾಂ ತೂಗಿದರೆ ಭಾಸ್ಕರದ್ದು 7.4 ಗ್ರಾಂ. ಬೀಜ ದಪ್ಪವಿದ್ದಷ್ಟೂ ಒಂದು ಕಿಲೋ ತಿರುಳಿಗೆ ಒಡೆಯಬೇಕಾದ ಬೀಜಗಳ ಎಣಿಕೆ ಇಳಿಯುವುದರಿಂದ, ಮುಂದೆ ಸಂಸ್ಕರಣೆ ಮಾಡುವ ಉದ್ದೇಶವಿರುವವರು ತಳಿ ಆರಿಸುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಡೀ ಗುಡ್ಡೆಗೆ ಒಂದೇ ತಳಿ ಹಾಕದೆ ಎರಡು ಮೂರು ತಳಿ ಬೆರೆಸಿದರೆ ಹೂವಿನ ಕಾಲ ಹಂಚಿಹೋಗಿ, ಅಕಾಲದ ಮೋಡ–ಮಳೆಗೆ ಬೆಳೆಯೆಲ್ಲ ಒಮ್ಮೆಲೇ ಹೋಗುವುದು ತಪ್ಪುತ್ತದೆ.

ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಮಳೆಗೆ ಮುನ್ನ ತೆಗೆದು, ಮೇಲ್ಮಣ್ಣು ಮತ್ತು ಹಟ್ಟಿಗೊಬ್ಬರ ತುಂಬಿ, ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ ಗಿಡ ನೆಡಬೇಕು. ಗಟ್ಟಿ ಮುರಕಲ್ಲಾದರೆ ಗುಂಡಿ ಮೂರು ಅಡಿಯಾದರೂ ಇರಲಿ. ಕಸಿಯ ಗಂಟು ಮಣ್ಣಿನಿಂದ ಮೇಲಿರಬೇಕು, ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಬೇಕು, ಗಾಳಿಗೆ ಅಲುಗದಂತೆ ಊರುಗೋಲು ಕಟ್ಟಬೇಕು. ಗಂಟಿನ ಕೆಳಗೆ ಹೊರಡುವ ಚಿಗುರನ್ನು ಕಂಡಾಗಲೆಲ್ಲ ಚಿವುಟದಿದ್ದರೆ ಅದೇ ಬೆಳೆದು ಮರವಾಗಿ ಕಸಿಯ ಕಡ್ಡಿ ಸೊರಗಿಹೋಗುತ್ತದೆ. ಮೊದಲೆರಡು ವರ್ಷ ಬರುವ ಹೂಗೊಂಚಲನ್ನೂ ಕಿತ್ತುಹಾಕಬೇಕು. ಸಾಲುಗಳ ನಡುವೆ ಇಳಿಜಾರಿಗೆ ಅಡ್ಡವಾಗಿ ಅನನಾಸು ನೆಟ್ಟರೆ ಮಣ್ಣು ಕೊಚ್ಚಿಹೋಗುವುದು ನಿಲ್ಲುವುದಲ್ಲದೆ ಗೇರು ಫಲಕ್ಕೆ ಬರುವ ತನಕ ಕೈಗೆ ನಾಲ್ಕು ಕಾಸೂ ಸಿಗುತ್ತದೆ.

ಗೊಬ್ಬರ, ಸವರುವಿಕೆ, ಕೀಟ

ಐದು ವರ್ಷ ತುಂಬಿದ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 125 ಗ್ರಾಂ ರಂಜಕ, 125 ಗ್ರಾಂ ಪೊಟ್ಯಾಷ್ ಬೇಕು; ಯೂರಿಯಾದ ಲೆಕ್ಕದಲ್ಲಿ ಸಾರಜನಕವೊಂದಕ್ಕೇ ಸುಮಾರು 1.1 ಕಿಲೋ ಆಗುತ್ತದೆ. ಮೊದಲ ವರ್ಷ ಇದರ ಐದನೆಯ ಒಂದು ಭಾಗ ಕೊಟ್ಟು ವರ್ಷಕ್ಕೊಂದು ಪಾಲು ಏರಿಸುತ್ತ ಹೋಗಬೇಕು. ಬಿರುಮಳೆ ಇಳಿದು ಮಣ್ಣಿನಲ್ಲಿ ಹಸಿ ಇರುವಾಗ, ದೊಡ್ಡ ಮರವಾದರೆ ಬುಡದಿಂದ ಒಂದೂವರೆ ಮೀಟರ್ ದೂರದಲ್ಲಿ ಸುತ್ತಲೂ ಕಣಿ ತೆಗೆದು ಗೊಬ್ಬರ ಹಾಕಿ, ಮಣ್ಣು ಮುಚ್ಚಿ, ತರಗೆಲೆ ಹೊದಿಸಬೇಕು. ನೆಲಕ್ಕೆ ತಾಗುವ ಕೊಂಬೆ, ಒಣಗಿದ ಕೊಂಬೆ, ಒಂದಕ್ಕೊಂದು ಹೆಣೆದ ಕೊಂಬೆಗಳನ್ನು ಸವರಿದರೆ ಬುಡದಲ್ಲಿ ಬೀಜ ಹೆಕ್ಕುವುದೂ ಸಲೀಸಾಗುತ್ತದೆ.

ಗೇರಿನ ದೊಡ್ಡ ಶತ್ರು ಟೀ ಸೊಳ್ಳೆ ಎಂಬ ಕೀಟ. ಅಕ್ಟೋಬರ್‌–ನವೆಂಬರ್‌ನಲ್ಲಿ ಚಿಗುರು ಬಂದಾಗಿನಿಂದ ಫೆಬ್ರವರಿಯಲ್ಲಿ ಎಳೆಬೀಜ ಕಟ್ಟುವ ತನಕ ಇದು ಎಳೆ ದಂಟಿನ ರಸ ಹೀರುತ್ತದೆ. ಹೀರಿದ ಕಡೆ ಕಂದು ಗಾಯವಾಗಿ ಅಂಟು ಒಸರುತ್ತದೆ, ಹೂಗೊಂಚಲು ಬೆಂಕಿ ತಾಗಿದಂತೆ ಕರಟುತ್ತದೆ. ಚಿಗುರು, ಹೂ, ಎಳೆಕಾಯಿ ಹೀಗೆ ಮೂರು ಹಂತಗಳಲ್ಲಿ ಔಷಧಿ ಸಿಂಪಡಿಸುವ ಶಿಫಾರಸು ಇದೆಯಾದರೂ, ಕ್ಯಾಲೆಂಡರ್ ನೋಡಿ ಸಿಂಪಡಿಸದೆ ಮರ ನೋಡಿ ಸಿಂಪಡಿಸಬೇಕು ಎಂದು ಒತ್ತಿ ಹೇಳುತ್ತೇನೆ. ಕಾಸರಗೋಡು ಮತ್ತು ಕೊಕ್ಕಡದ ಸುತ್ತಮುತ್ತ ಇದೇ ಕೀಟದ ಹೆಸರಿನಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಷ್ಟು ಮನೆಗಳ ಬದುಕನ್ನು ಕೆಡಿಸಿತು ಎಂಬುದನ್ನು ಈ ನೆಲದವರು ಮರೆಯುವಂತಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಈಗ ಯಾವ ಔಷಧಿ, ಯಾವ ಪ್ರಮಾಣ ಎಂಬುದನ್ನು ಪುತ್ತೂರಿನ ನಿರ್ದೇಶನಾಲಯದಲ್ಲೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ ತಿಳಿದುಕೊಂಡು, ಜೇನ್ನೊಣ ಹಾರಾಡದ ಸಂಜೆಯ ಹೊತ್ತು, ಬಾವಿ ಮತ್ತು ತೊರೆಯಿಂದ ದೂರವಿಟ್ಟು, ಕೀಟ ಕಂಡ ಮರಗಳಿಗಷ್ಟೇ ಸಿಂಪಡಿಸಿ. ಚಗಳಿ ಇರುವೆ ಗೂಡು ಕಟ್ಟಿದ ಮರದಲ್ಲಿ ಟೀ ಸೊಳ್ಳೆಯ ಕಾಟ ಕಡಿಮೆ. ಬೀಜ ಹೆಕ್ಕುವಾಗ ಕಚ್ಚುತ್ತದೆಂದು ಆ ಗೂಡುಗಳನ್ನು ಸುಡಬೇಡಿ.

ಇನ್ನೊಂದು, ಕಾಂಡ ಮತ್ತು ಬೇರು ಕೊರೆಯುವ ಹುಳು. ಬುಡದಲ್ಲಿ ಅಂಟಿನ ಜೊತೆ ಮರದ ಹುಡಿ ಕಾಣಿಸಿತೆಂದರೆ ಹುಳು ಒಳಗಿದೆ ಎಂದೇ ಅರ್ಥ. ಉಳಿಯಿಂದ ತೊಗಟೆ ಬಿಡಿಸಿ ಹುಳುವನ್ನು ತೆಗೆದು ಕೊಂದು, ಶೇ 5ರ ಬೇವಿನೆಣ್ಣೆಯ ದ್ರಾವಣವನ್ನು ಹಚ್ಚಬೇಕು. ಎಲೆಯೆಲ್ಲ ಹಳದಿಯಾದ ಮೇಲೆ ಮರವನ್ನು ಉಳಿಸಿಕೊಳ್ಳುವುದು ಕಷ್ಟ.

ಹೆಕ್ಕುವುದು ಮತ್ತು ಒಣಗಿಸುವುದು

ಫೆಬ್ರವರಿಯಿಂದ ಮೇ ತನಕ ಕೊಯ್ಲು. ಹಣ್ಣು ಬಲಿತು ತಾನಾಗಿ ಉದುರಬೇಕು. ಕೋಲಿನಿಂದ ಬಡಿದು ಬೀಳಿಸಿದ ಬೀಜದಲ್ಲಿ ತಿರುಳು ತುಂಬಿರುವುದಿಲ್ಲ, ಒಣಗಿದಾಗ ಸುಕ್ಕುಗಟ್ಟುತ್ತದೆ. ಬಿದ್ದ ಹಣ್ಣಿನಿಂದ ಬೀಜವನ್ನು ತಿರುಚಿ ಬೇರ್ಪಡಿಸಿ, ಅಂಟಿಕೊಂಡ ಹಣ್ಣಿನ ತುಣುಕನ್ನು ಪೂರ್ತಿ ತೆಗೆಯಬೇಕು, ಏಕೆಂದರೆ ಬೂಷ್ಟು ಅಲ್ಲಿಂದಲೇ ಶುರುವಾಗುತ್ತದೆ. ಮೇ ತಿಂಗಳ ಮಳೆ ಬಿದ್ದ ಬಳಿಕ ಹೆಕ್ಕಿದ ಬೀಜವನ್ನು ಹಿಂದಿನ ಬೀಜದ ಜೊತೆ ಬೆರೆಸದೆ ಬೇರೆ ಚೀಲದಲ್ಲಿ ಇಡಬೇಕು.

ಹೆಕ್ಕಿದ ದಿನವೇ ಬೀಜವನ್ನು ಅಂಗಳದಲ್ಲಿ ತೆಳುವಾಗಿ ಹರಡಿ, ನಡುನಡುವೆ ಕೈಯಾಡಿಸುತ್ತ ಎರಡು ಮೂರು ದಿನ ಒಳ್ಳೆಯ ಬಿಸಿಲಿಗೆ ಒಣಗಿಸಬೇಕು. ತೇವಾಂಶ ಶೇ 8ರ ಆಸುಪಾಸಿಗೆ ಇಳಿಯಬೇಕು. ಮಾಪಕವಿಲ್ಲದಿದ್ದರೆ ಹೆಬ್ಬೆರಳಿನ ಉಗುರನ್ನು ಚಿಪ್ಪಿಗೆ ಊರಿ ನೋಡಿ: ಗುರುತು ಮೂಡದೆ ಉಗುರು ಜಾರಬೇಕು. ಹಿಡಿ ಬೀಜವನ್ನು ಕೈಯಲ್ಲಿ ಕುಲುಕಿದರೆ ಕಲ್ಲಿನ ಹರಳುಗಳಂತೆ ಸದ್ದು ಬರಬೇಕು.

ಒಣಗಿಸಿದರೆ ತೂಕ ಹೋಗುತ್ತದಲ್ಲ ಎನ್ನುವವರ ಮಾತಿನಲ್ಲಿ ಸುಳ್ಳಿಲ್ಲ. ಶೇ 16ರಷ್ಟು ತೇವವಿರುವ ಒಂದು ಕ್ವಿಂಟಲ್ ಬೀಜವನ್ನು ಶೇ 8ಕ್ಕೆ ಇಳಿಸಿದರೆ ಸುಮಾರು ಒಂಬತ್ತು ಕಿಲೋ ಕಡಿಮೆಯಾಗುತ್ತದೆ. ಆದರೆ ಹಸಿ ಬೀಜ ಕೊಳ್ಳುವ ವ್ಯಾಪಾರಿ ಆ ಒಂಬತ್ತು ಕಿಲೋವನ್ನು ದರದಲ್ಲಿ ಮೊದಲೇ ಕಳೆದಿರುತ್ತಾನೆ, ಹಾಳಾಗುವ ಬೀಜಕ್ಕೆಂದು ಇನ್ನಷ್ಟನ್ನೂ ಹಿಡಿದಿರುತ್ತಾನೆ. ಒಣಗಿದ ಬೀಜವನ್ನು ಗೋಣಿಚೀಲಕ್ಕೆ ತುಂಬಿ, ನೆಲದ ಶೀತ ಏರದಂತೆ ಮರದ ಹಲಗೆಯ ಮೇಲೆ, ಗೋಡೆಗೆ ತಾಗಿಸದೆ ಪೇರಿಸಿದರೆ ಮಳೆಗಾಲ ದಾಟಿಸಬಹುದು. ಮಾರುವವರಿಗೆ ಇದು ದರ ಏರುವ ತನಕ ಕಾಯುವ ಶಕ್ತಿ. ಒಡೆಯುವವರಿಗೆ ವರ್ಷವಿಡೀ ಕೆಲಸ.

ನಿಮ್ಮ ಬೀಜದ ಯೋಗ್ಯತೆ ನಿಮಗೇ ಗೊತ್ತಿರಲಿ. ರಾಶಿಯ ಬೇರೆ ಬೇರೆ ಕಡೆಯಿಂದ ತೆಗೆದ ಒಂದು ಕಿಲೋ ಬೀಜವನ್ನು ಎಣಿಸಿ, ಒಡೆದು, ಒಳ್ಳೆಯ ತಿರುಳನ್ನು ಸಿಪ್ಪೆಸಹಿತ ತೂಗಿ. ವ್ಯಾಪಾರದಲ್ಲಿ ಇದನ್ನು 80 ಕಿಲೋ ಬೀಜದ ಚೀಲಕ್ಕೆ ಇಷ್ಟು ಪೌಂಡ್ (ಒಂದು ಪೌಂಡ್ ಎಂದರೆ 454 ಗ್ರಾಂ) ತಿರುಳು ಎಂದು ಹೇಳುವುದು ವಾಡಿಕೆ: ಒಂದು ಕಿಲೋದಲ್ಲಿ 272 ಗ್ರಾಂ ತಿರುಳು ಬಂದರೆ ಅದು 48 ಪೌಂಡಿನ ಮಾಲು. ದರ ಮಾತಾಡುವ ಮುನ್ನ ಈ ಲೆಕ್ಕವೊಂದು ಕೈಯಲ್ಲಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಬೀಜದಿಂದ ತಿರುಳು

ಸಂಸ್ಕರಣೆಯ ಮೊದಲ ಹೆಜ್ಜೆ ಬೀಜವನ್ನು ಗಾತ್ರದ ಪ್ರಕಾರ ಜರಡಿ ಹಿಡಿಯುವುದು. ಬಳಿಕ ಸಣ್ಣ ಬಾಯ್ಲರಿನ ಆವಿಯಲ್ಲಿ, ಯಂತ್ರದ ಒತ್ತಡಕ್ಕೆ ತಕ್ಕಂತೆ ಸಾಮಾನ್ಯವಾಗಿ 20ರಿಂದ 25 ನಿಮಿಷ ಬೇಯಿಸಿ, ನೆರಳಿನಲ್ಲಿ ಹರಡಿ ಒಂದು ರಾತ್ರಿ ಆರಲು ಬಿಡಬೇಕು. ಬೇಯುವುದು ಕಡಿಮೆಯಾದರೆ ಚಿಪ್ಪು ತಿರುಳನ್ನು ಬಿಡುವುದಿಲ್ಲ. ಹೆಚ್ಚಾದರೆ ಚಿಪ್ಪಿನ ಎಣ್ಣೆ ಒಳಗಿಳಿದು ತಿರುಳಿನ ಬಣ್ಣ ಕೆಡುತ್ತದೆ. ಬೀಜವನ್ನು ಬಾಣಲೆಯಲ್ಲೋ ಬೆಂಕಿಯಲ್ಲೋ ಸುಡುವ ಹಳೆಯ ಪದ್ಧತಿ ಕಸುಬಿಗೆ ಹೇಳಿದ್ದಲ್ಲ, ಅದರ ಹೊಗೆ ಕಣ್ಣಿಗೂ ಎದೆಗೂ ಕೆಟ್ಟದ್ದು.

ಒಡೆಯುವ ಕೆಲಸದಲ್ಲಿ ಕೈಚಳಕವೇ ಮುಖ್ಯ. ಮೇಜಿಗೆ ಕೂರಿಸಿದ ಕಟ್ಟರಿನಲ್ಲಿ ಬೀಜದ ಬಾಗಿಗೆ ಹೊಂದುವ ಎರಡು ಅಲಗುಗಳಿರುತ್ತವೆ. ಎಡಗೈಯಲ್ಲಿ ಬೀಜವನ್ನು ನೆಟ್ಟಗೆ ಇಟ್ಟು ಪೆಡಲ್ ತುಳಿದರೆ ಅಲಗುಗಳು ಚಿಪ್ಪನ್ನಷ್ಟೇ ಕಚ್ಚಿ ನಿಲ್ಲುತ್ತವೆ. ಬಲಗೈಯ ಹಿಡಿಯನ್ನು ಒತ್ತಿದಾಗ ಚಿಪ್ಪು ಎರಡಾಗಿ ತೆರೆದುಕೊಳ್ಳುತ್ತದೆ. ತಿರುಳು ಒಂದು ಹೋಳಿಗೆ ಅಂಟಿಕೊಂಡಿದ್ದರೆ ಪಕ್ಕದಲ್ಲಿ ಕುಳಿತವರು ಚೂಪು ಮೊನೆಯಿಂದ ಅದನ್ನು ನಯವಾಗಿ ಎಬ್ಬಿಸುತ್ತಾರೆ. ಅಲಗು ಒಂದು ಕೂದಲೆಳೆ ಹೆಚ್ಚು ಒಳಗಿಳಿದರೆ ಇಡಿ ತಿರುಳು ತುಂಡಾಗಿ, ಬೆಲೆ ಅಲ್ಲಿಯೇ ಇಳಿಯುತ್ತದೆ. ಮೊದಲು ಜರಡಿ ಹಿಡಿದು ಒಂದೇ ಗಾತ್ರದ ಬೀಜವನ್ನು ಒಟ್ಟಿಗೆ ಒಡೆಯುವುದು ಇದೇ ಕಾರಣಕ್ಕೆ.

ಚಿಪ್ಪಿನ ಸೊನೆ ಚರ್ಮವನ್ನು ಸುಡುತ್ತದೆ. ಈ ಕೆಲಸದಲ್ಲಿರುವವರು ಹೆಚ್ಚಾಗಿ ಹೆಂಗಸರು, ಕಪ್ಪಾಗಿ ಸಿಪ್ಪೆ ಏಳುವ ಬೆರಳುಗಳನ್ನು ಈ ಕಸುಬಿನ ಕರ್ಮವೆಂದು ಸಹಿಸಿಕೊಂಡವರು. ಅದನ್ನು ಸಹಿಸಬೇಕಾಗಿಲ್ಲ. ಕೈಗೆ ತೆಂಗಿನೆಣ್ಣೆ ಅಥವಾ ಹರಳೆಣ್ಣೆ ಹಚ್ಚಿ, ಮೇಲೆ ಗ್ಲೌಸ್ ತೊಟ್ಟುಕೊಳ್ಳುವುದನ್ನು ಮೊದಲ ದಿನದಿಂದಲೇ ನಿಯಮ ಮಾಡಬೇಕು. ಅದರ ಖರ್ಚನ್ನು ಘಟಕವೇ ಹೊರಬೇಕು, ಕೂಲಿಯಿಂದ ಹಿಡಿಯಬಾರದು.

ಒಡೆದ ತಿರುಳನ್ನು ತಟ್ಟೆಗಳಲ್ಲಿ ಹರಡಿ ಬೋರ್ಮಾ ಎಂಬ ಬಿಸಿಗಾಳಿಯ ಒಣಗೂಡಿನಲ್ಲಿ ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರರಿಂದ ಎಂಟು ಗಂಟೆ ಇಡಬೇಕು. ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ತಾಗುವ ಬಿಸಿ ಒಂದೇ ಅಲ್ಲವಾದ್ದರಿಂದ ಅವುಗಳ ಜಾಗವನ್ನು ಆಗಾಗ ಬದಲಿಸುತ್ತಿರಬೇಕು. ತೇವಾಂಶ ಶೇ 3–4ಕ್ಕೆ ಇಳಿದಾಗ ಒಳಸಿಪ್ಪೆ ತಿರುಳಿನಿಂದ ಬಿಟ್ಟುಕೊಂಡು, ಬೆರಳಿನಿಂದ ತಿಕ್ಕಿದರೆ ಉದುರುತ್ತದೆ. ಒಣಗೂಡಿನಿಂದ ತೆಗೆದೊಡನೆ ಸುಲಿಯಲು ಕೂತರೆ ತಿರುಳು ಪಟಪಟನೆ ಮುರಿಯುತ್ತದೆ. ಸ್ವಲ್ಪ ಹೊತ್ತು ಗಾಳಿಗಿಟ್ಟು ತುಸು ಮೆತ್ತಗಾದ ಮೇಲೆ ಸುಲಿಯಬೇಕು. ಅಂಟಿ ಉಳಿದ ಸಿಪ್ಪೆಯನ್ನು ಬಿದಿರಿನ ಚಕ್ಕೆಯಿಂದಲೋ ಮೊಂಡು ಚಾಕುವಿನಿಂದಲೋ ತೆಗೆಯಬಹುದು.

ದರ್ಜೆ, ಪೊಟ್ಟಣ, ಪರವಾನಗಿ

ಇಡಿ ಬಿಳಿ ತಿರುಳಿಗೆ ಡಬ್ಲ್ಯು 180, 210, 240, 320, 450 ಎಂಬ ದರ್ಜೆಗಳಿವೆ. ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, ಎಷ್ಟು ತಿರುಳು ಹಿಡಿಯುತ್ತದೆ ಎಂಬುದೇ ಆ ಸಂಖ್ಯೆ. ಸಂಖ್ಯೆ ಚಿಕ್ಕದಾದಷ್ಟೂ ತಿರುಳು ದಪ್ಪ, ಬೆಲೆ ಹೆಚ್ಚು. ಸೀದದ್ದು, ಹೋಳು, ತುಂಡು, ನುಚ್ಚು ಬೇರೆ ಬೇರೆ ದರ್ಜೆಗೆ ಹೋಗುತ್ತವೆ. ನುಚ್ಚನ್ನು ಎಸೆಯುವ ಮಾಲೆಂದು ತಿಳಿಯಬೇಡಿ: ಬೇಕರಿ, ಸಿಹಿತಿಂಡಿ ಅಂಗಡಿ, ಹೋಟೆಲುಗಳಿಗೆ ಬೇಕಾದದ್ದು ಅದೇ.

ತೇವಾಂಶ ಶೇ 5 ಮೀರಿದ ತಿರುಳು ಪೊಟ್ಟಣದಲ್ಲಿ ಮೆತ್ತಗಾಗಿ ಕಮಟು ಹಿಡಿಯುತ್ತದೆ. ಮಳೆಗಾಲದಲ್ಲಿ ಸುಲಿದು ತೆರೆದಿಟ್ಟ ತಿರುಳು ಗಾಳಿಯ ಶೀತವನ್ನು ಬೇಗ ಎಳೆದುಕೊಳ್ಳುವುದರಿಂದ ದರ್ಜೆ ಮಾಡಿದ ದಿನವೇ ಗಾಳಿ ತೆಗೆದು ಪ್ಯಾಕ್ ಮಾಡುವುದು ಕ್ಷೇಮ.

ಲೆಕ್ಕ ಹೀಗಿದೆ: ಚೆನ್ನಾಗಿ ನೋಡಿಕೊಂಡ ಹತ್ತು ವರ್ಷದ ಮರಕ್ಕೆ 8 ಕಿಲೋ ಬೀಜವೆಂದು ಹಿಡಿದರೆ ಎಕರೆಯ 70 ಮರಗಳಿಗೆ 560 ಕಿಲೋ, ಶೇ 28ರ ಲೆಕ್ಕದಲ್ಲಿ ಸುಮಾರು 157 ಕಿಲೋ ತಿರುಳು. ಒಂದು ಮನೆಯ ಬೀಜಕ್ಕೆ ಬಾಯ್ಲರ್ ಕೊಳ್ಳುವುದು ಹೊರೆ, ಅದೇ ಹತ್ತು ಮನೆಗಳವರು ಸೇರಿದರೆ ಗಿಟ್ಟುತ್ತದೆ. ಮಾರುವುದಕ್ಕೆ ಆಹಾರ ಸುರಕ್ಷತೆಯ ನೋಂದಣಿ ಕಡ್ಡಾಯ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಬ್ಯಾಂಕ್ ಸಾಲದ ಜೊತೆ ಶೇ 35ರಂತೆ, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನಕ್ಕೆ ಅವಕಾಶ ಮಾಡಲಾಗಿತ್ತು. ಅರ್ಜಿ ಹಾಕುವ ಮುನ್ನ ಸದ್ಯದ ನಿಯಮವನ್ನು ಜಿಲ್ಲಾ ಕೃಷಿ ಇಲಾಖೆಯಲ್ಲಿ ವಿಚಾರಿಸಿ.

ಚಿಪ್ಪು ಮತ್ತು ಹಣ್ಣು

ಒಡೆದ ಚಿಪ್ಪನ್ನು ಎಣ್ಣೆ ತೆಗೆಯುವ ಗಿರಣಿಗಳು ಕೊಳ್ಳುತ್ತವೆ. ಬಣ್ಣ, ವಾರ್ನಿಷ್, ಬ್ರೇಕ್ ಲೈನಿಂಗ್ ತಯಾರಿಕೆಗೆ ಈ ಎಣ್ಣೆ ಬೇಕು. ಅಡುಗೆ ಒಲೆಗೆ ಮಾತ್ರ ಚಿಪ್ಪನ್ನು ಹಾಕಬಾರದು.

ಹಣ್ಣು ಹೆಚ್ಚಿನ ತೋಟಗಳಲ್ಲಿ ಇಂದಿಗೂ ಮರದಡಿಯಲ್ಲೇ ಕೊಳೆಯುತ್ತದೆ. ಕಿತ್ತಳೆಗಿಂತ ಹಲವು ಪಟ್ಟು ಸಿ ಜೀವಸತ್ವವಿರುವ ಹಣ್ಣನ್ನು ಹೀಗೆ ಬಿಡುವುದಕ್ಕೆ ಕಾರಣ ಅದರ ಒಗರು, ಗಂಟಲ ಕೆರೆತ. ಅದನ್ನು ತೆಗೆಯಲು ಸಬ್ಬಕ್ಕಿ ಸಾಕು. ಅಂದೇ ಬಿದ್ದ, ಗಾಯವಾಗದ ಹಣ್ಣನ್ನು ತೊಳೆದು ಹಿಂಡಿ, ಲೀಟರ್ ರಸಕ್ಕೆ 5 ಗ್ರಾಂ ಸಬ್ಬಕ್ಕಿ ಹುಡಿಯಂತೆ ಸ್ವಲ್ಪ ನೀರಿನಲ್ಲಿ ಗಂಜಿ ಕಾಯಿಸಿ, ಆರಿದ ಮೇಲೆ ರಸಕ್ಕೆ ಬೆರೆಸಿ ರಾತ್ರಿಯಿಡೀ ತಂಪಿನಲ್ಲಿ ಅಲುಗಿಸದೆ ಇಡಬೇಕು. ಒಗರೆಲ್ಲ ಗಂಜಿಯೊಡನೆ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬಸಿದು, ಸಕ್ಕರೆ ಮತ್ತು ನಿಂಬೆರಸ ಸೇರಿಸಿ ಕಾಯಿಸಿದರೆ ಶರಬತ್ತಿನ ಪಾಕವಾಗುತ್ತದೆ. ಗೇರುಹಣ್ಣು ಮರುದಿನಕ್ಕೆ ಉಳಿಯದ ಕಾರಣ, ಬೆಳಗ್ಗೆ ಬೀಜ ಹೆಕ್ಕುವವರೇ ಒಳ್ಳೆಯ ಹಣ್ಣನ್ನು ಬೇರೆ ಬುಟ್ಟಿಗೆ ಹಾಕಿಕೊಂಡು ಬಂದು ಮಧ್ಯಾಹ್ನದೊಳಗೆ ಹಿಂಡಿ ಮುಗಿಸುವಂತೆ ಕೆಲಸ ಹೊಂದಿಸಿಕೊಳ್ಳಬೇಕು.